ಮಡಿದ ಸೈನಿಕರ ನೆನಪಿಗೆ ಕಾರ್ ರೇಸ್: ‘ರೇಸ್ ಆಫ್ ರಿಮೆಂಬ್ರೆನ್ಸ್’ ಕುರಿತು ಕೆಲವು ಪ್ರಶ್ನೆಗಳು

ದಾರಿಹೋಕ (ಪ್ರಶ್ನೆ):

ವೇಲ್ಸ್‌ನ ಆಂಗಲ್‌ಸಿ ದ್ವೀಪದ ರೇಸ್ ಟ್ರ್ಯಾಕಿನಲ್ಲಿ ನವೆಂಬರ್ ತಿಂಗಳಲ್ಲಿ ನಡೆಯುವ ‘ರೇಸ್ ಆಫ್ ರಿಮೆಂಬ್ರೆನ್ಸ್’ ಬಗ್ಗೆ ಇತ್ತೀಚೆಗೆ ಓದಿದೆ. ಕರ್ತವ್ಯದಲ್ಲಿ ಮಡಿದ ಸೈನಿಕರನ್ನು ನೆನೆಯುವುದಕ್ಕೂ, ಗಾಯಗೊಂಡು ಸೇನೆಯಿಂದ ಹೊರಬಂದವರಿಗೆ ಆಸರೆಯಾಗುವುದಕ್ಕೂ ಒಂದು ದತ್ತಿ ಸಂಸ್ಥೆ ಏರ್ಪಡಿಸುವ 12 ಗಂಟೆಗಳ ಕಾರ್ ರೇಸ್ ಇದು ಎಂಬಷ್ಟು ತಿಳಿಯಿತು. ಭಾನುವಾರ ಬೆಳಿಗ್ಗೆ ರೇಸನ್ನು ನಡುವೆಯೇ ನಿಲ್ಲಿಸಿ, ಚಾಲಕರು, ಮೆಕ್ಯಾನಿಕ್‌ಗಳು, ಅಧಿಕಾರಿಗಳು ಎಲ್ಲರೂ ಪಿಟ್ ಲೇನ್‌ನಲ್ಲಿ (ಇಂಧನ, ಟೈರು, ರಿಪೇರಿಗಳಿಗೆ ಕಾರುಗಳು ಬಂದು ನಿಲ್ಲುವ ಓಣಿಯಲ್ಲಿ) ಸೇರಿ ಮೌನ ಆಚರಿಸುತ್ತಾರಂತೆ. ಆಮೇಲೆ ಮತ್ತೆ ಎಂಜಿನ್ ಚಾಲೂ ಮಾಡಿ ಸ್ಪರ್ಧೆಯನ್ನು ಮುಂದುವರಿಸುತ್ತಾರಂತೆ.

ಓದಿದಾಗಿನಿಂದ ಮನಸ್ಸಿನಲ್ಲಿ ಒಂದು ತೊಡಕು ಉಳಿದುಬಿಟ್ಟಿದೆ. ಸತ್ತವರನ್ನು ನೆನೆಯಲು ಸ್ಮಾರಕದ ಮುಂದೆ ಹೂವಿಡುವುದು, ಹೆಸರುಗಳನ್ನು ಓದುವುದು, ತಲೆಬಾಗಿ ನಿಲ್ಲುವುದು ನನಗೆ ಅರ್ಥವಾಗುತ್ತದೆ. ಆದರೆ ಗದ್ದಲ, ವೇಗ, ಪೆಟ್ರೋಲಿನ ವಾಸನೆ, ಒಬ್ಬರನ್ನೊಬ್ಬರು ಹಿಂದಿಕ್ಕುವ ಹಟ, ಇವೆಲ್ಲ ತುಂಬಿದ ಕಾರ್ ರೇಸ್ ಆ ಸ್ಮರಣೆಗೆ ಹೇಗೆ ಹೊಂದುತ್ತದೆ? ಇಂಥ ರೇಸನ್ನು ಆರಂಭಿಸಿದವರು ಯಾವ ಯೋಚನೆಯಿಂದ ಆರಂಭಿಸಿದರು?

ಎರಡನೆಯದಾಗಿ, ದತ್ತಿಗೆ ಹಣ ಸೇರಿಸುವುದೇ ಉದ್ದೇಶವಾಗಿದ್ದರೆ ಅರ್ಧ ಗಂಟೆಯ ಚಿಕ್ಕ ರೇಸ್ ಸಾಕಿತ್ತಲ್ಲವೆ? 12 ಗಂಟೆಗಳ ದೀರ್ಘಾವಧಿ ರೇಸನ್ನೇ, ಅದೂ ಚಳಿ ಮಳೆಯ ನವೆಂಬರ್‌ನಲ್ಲಿ, ಆರಿಸಿಕೊಂಡದ್ದಕ್ಕೆ ಕಾರಣವಿರಬೇಕು. ಮೂರನೆಯ ಪ್ರಶ್ನೆ ಹೆಚ್ಚು ತಾಂತ್ರಿಕವಾದದ್ದು: ಕಾಲು ಕಳೆದುಕೊಂಡವರು, ಬೆನ್ನುಹುರಿಗೆ ಪೆಟ್ಟಾದವರು ಇಂಥ ರೇಸಿನಲ್ಲಿ ನಿಜವಾಗಿಯೂ ಕಾರು ಓಡಿಸುತ್ತಾರೆಯೆ, ಅಥವಾ ಅವರ ಹೆಸರಿನಲ್ಲಿ ಬೇರೆಯವರು ಓಡಿಸುತ್ತಾರೆಯೆ? ಈ ಕ್ರೀಡೆಯನ್ನು ಹತ್ತಿರದಿಂದ ಬಲ್ಲವರು ತುಸು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.


ಹಳೇಗೇರು:

ದಾರಿಹೋಕ ಅವರೇ, ಎಂಡ್ಯೂರೆನ್ಸ್ ರೇಸುಗಳನ್ನು, ಅಂದರೆ ದೀರ್ಘಾವಧಿಯ ರೇಸುಗಳನ್ನು, ಬಹಳ ಕಾಲದಿಂದ ಗಮನಿಸುತ್ತ ಬಂದವನಾಗಿ ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರಿಸಲು ಯತ್ನಿಸುತ್ತೇನೆ.

ಈ ರೇಸಿನ ಹಿಂದಿರುವ ಸಂಸ್ಥೆಯ ಹೆಸರು ಮಿಷನ್ ಮೋಟಾರ್‌ಸ್ಪೋರ್ಟ್. ರಾಯಲ್ ಟ್ಯಾಂಕ್ ರೆಜಿಮೆಂಟಿನಲ್ಲಿ ಮೇಜರ್ ಆಗಿದ್ದ ಜೇಮ್ಸ್ ಕ್ಯಾಮರಾನ್ ಅವರು 2012ರಲ್ಲಿ ಅದನ್ನು ಕಟ್ಟಿದರು (ಸಿನಿಮಾ ನಿರ್ದೇಶಕರಿಗೂ ಇವರಿಗೂ ಹೆಸರಿನ ಹೊರತು ಸಂಬಂಧವಿಲ್ಲ). ಆ ಹೊತ್ತಿಗೆ ಬ್ರಿಟನ್ ಅಫ್ಘಾನಿಸ್ತಾನದಲ್ಲಿ ಹತ್ತು ವರ್ಷಗಳಿಗೂ ಮೀರಿ ಹೋರಾಡಿತ್ತು. ಆ ಯುದ್ಧ ಮುಗಿಯುವಷ್ಟರಲ್ಲಿ ಅಲ್ಲಿ ಸತ್ತ ಬ್ರಿಟಿಷ್ ಸೇನಾ ಸಿಬ್ಬಂದಿಯ ಸಂಖ್ಯೆ 457; ಇರಾಕಿನ ಕಾರ್ಯಾಚರಣೆಯಲ್ಲಿ ಸತ್ತವರು 179. ಮಡಿದವರಿಗಿಂತ ಗಾಯಗೊಂಡು ಬದುಕುಳಿದವರ ಸಂಖ್ಯೆ ಎಷ್ಟೋ ಪಟ್ಟು ದೊಡ್ಡದು. ರಸ್ತೆಬದಿಯಲ್ಲಿ ಹುಗಿದಿಟ್ಟ ಬಾಂಬುಗಳು ಆ ಯುದ್ಧದ ಮುಖ್ಯ ಆಯುಧವಾಗಿದ್ದವು. ಯುದ್ಧಭೂಮಿಯ ವೈದ್ಯಕೀಯ ವ್ಯವಸ್ಥೆ ಮುಂಚಿಗಿಂತ ಬಹಳ ಸುಧಾರಿಸಿದ್ದರಿಂದ, ಹಿಂದಿನ ಯುದ್ಧಗಳಲ್ಲಾದರೆ ಸ್ಥಳದಲ್ಲೇ ಪ್ರಾಣ ಬಿಡಬೇಕಾಗಿದ್ದ ಎಷ್ಟೋ ಮಂದಿ ಒಂದು ಅಥವಾ ಎರಡು ಕಾಲುಗಳನ್ನು ಕಳೆದುಕೊಂಡು ಮನೆಗೆ ಮರಳಿದರು. ಅವರಲ್ಲಿ ಹೆಚ್ಚಿನವರು ಇಪ್ಪತ್ತು ಮೂವತ್ತರ ಪ್ರಾಯದವರು. ಆಸ್ಪತ್ರೆ ಅವರ ಗಾಯವನ್ನು ಮಾಯಿಸಿತು. ಆದರೆ ಸೇನೆಯನ್ನು ಬಿಟ್ಟ ಮೇಲಿನ ನಲವತ್ತು ವರ್ಷಗಳನ್ನು ಹೇಗೆ ಕಳೆಯುವುದು ಎಂಬ ಪ್ರಶ್ನೆಗೆ ಆಸ್ಪತ್ರೆಯ ಬಳಿ ಉತ್ತರವಿರಲಿಲ್ಲ. ರೇಸ್ ಮಾಡು, ಹೊಸ ಕಸುಬು ಕಲಿ, ಚೇತರಿಸಿಕೋ ಎಂಬ ಮೂರು ಮಾತುಗಳನ್ನು ಸಂಸ್ಥೆ ತನ್ನ ಧ್ಯೇಯವಾಗಿ ಇಟ್ಟುಕೊಂಡಿರುವುದು ಈ ಹಿನ್ನೆಲೆಯಲ್ಲಿ. ಮೂರರಲ್ಲಿ ನಡುವಿನದೇ ಹೆಚ್ಚು ತೂಕದ್ದು ಎಂಬುದು ನನ್ನ ಅಭಿಪ್ರಾಯ.

ಮೊದಲ ರೇಸ್ ಆಫ್ ರಿಮೆಂಬ್ರೆನ್ಸ್ ನಡೆದದ್ದು 2014ರಲ್ಲಿ, ಅಂದರೆ ಮೊದಲ ಮಹಾಯುದ್ಧ ಆರಂಭವಾಗಿ ನೂರು ವರ್ಷ ತುಂಬಿದ ವರ್ಷದಲ್ಲಿ. ನವೆಂಬರ್ ಏಕೆ ಎಂದು ಕೇಳಿದ್ದೀರಿ. ಆ ಯುದ್ಧ 1918ರ ನವೆಂಬರ್ 11ರಂದು ಬೆಳಿಗ್ಗೆ 11 ಗಂಟೆಗೆ ನಿಂತಿತು. ಮರುವರ್ಷದಿಂದ ಅದೇ ದಿನ ಅದೇ ಗಳಿಗೆಯಲ್ಲಿ ಬ್ರಿಟನ್ ಎರಡು ನಿಮಿಷದ ಮೌನವನ್ನು ಪಾಲಿಸತೊಡಗಿತು. ಎರಡನೆಯ ಮಹಾಯುದ್ಧದ ತರುವಾಯ ಮುಖ್ಯ ಆಚರಣೆ ನವೆಂಬರ್‌ನ ಎರಡನೆಯ ಭಾನುವಾರಕ್ಕೆ ನೆಲೆಗೊಂಡಿತು. ಆ ದಿನ ದೇಶದ ಊರೂರಿನ ಯುದ್ಧಸ್ಮಾರಕಗಳ ಮುಂದೆ ಜನ ಸೇರುತ್ತಾರೆ. ಈ ರೇಸು ಅದೇ ವಾರಾಂತ್ಯದ ಆಸುಪಾಸಿಗೆ ಹೊಂದಿಕೊಂಡು ಹುಟ್ಟಿದ್ದರಿಂದ ಹವಾಮಾನವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅದಕ್ಕೆ ಮೊದಲಿನಿಂದಲೂ ಇಲ್ಲ.

ಸ್ಥಳದ ಬಗ್ಗೆಯೂ ಹೇಳಬೇಕು. ಆಂಗಲ್‌ಸಿ ಟ್ರ್ಯಾಕನ್ನು ವೆಲ್ಶ್ ಭಾಷೆಯಲ್ಲಿ ಟ್ರಾಕ್ ಮೋನ್ ಎನ್ನುತ್ತಾರೆ. ದ್ವೀಪದ ನೈರುತ್ಯ ಕರಾವಳಿಯಲ್ಲಿ, ಟಿ ಕ್ರೋಯಿಸ್ ಎಂಬಲ್ಲಿ, ಹಿಂದೆ ಸೇನೆಯ ಫಿರಂಗಿ ತರಬೇತಿ ಶಿಬಿರವಿದ್ದ ನೆಲದ ಮೇಲೆ ಅದು ನಿಂತಿದೆ. ಯುದ್ಧವಿಮಾನದ ಪೈಲಟ್‌ಗಳು ತರಬೇತಿ ಪಡೆಯುವ ವ್ಯಾಲಿ ವಾಯುನೆಲೆ ಅಲ್ಲಿಂದ ದೂರವಿಲ್ಲ. ಪಕ್ಕದ ಕೊಲ್ಲಿಯ ಪುಟ್ಟ ನಡುಗಡ್ಡೆಯಲ್ಲಿ, ಉಬ್ಬರ ಬಂದಾಗ ಸುತ್ತಲೂ ನೀರು ಆವರಿಸುವ ಸಂತ ಕುವೈವಾನ್‌ನ ಹಳೆಯ ಚರ್ಚ್ ಇದೆ. ಐರಿಷ್ ಸಮುದ್ರದಿಂದ ಬೀಸುವ ಗಾಳಿಗೆ ತಡೆಯೇ ಇಲ್ಲ. ಗಾಳಿಯ ದಿಕ್ಕು ಬದಲಾದಾಗ ಒಂದೇ ತಿರುವಿನಲ್ಲಿ ಬ್ರೇಕ್ ಹಿಡಿಯುವ ಜಾಗ ಬದಲಾಗುತ್ತದೆ, ಉಪ್ಪು ಬೆರೆತ ತುಂತುರು ಮುಂಗಾಜನ್ನು ಮಬ್ಬಾಗಿಸುತ್ತದೆ. ನವೆಂಬರ್ ನಡುವಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಮುಳುಗುವ ಮುನ್ನ ಸಮುದ್ರದ ಮೇಲಿನಿಂದ ನೇರವಾಗಿ ಚಾಲಕರ ಕಣ್ಣಿಗೆ ಹೊಡೆಯುತ್ತಾನೆ. ಆಮೇಲಿನದೆಲ್ಲ ಹೆಡ್‌ಲೈಟ್ ಬೆಳಕಿನಲ್ಲಿ ಓಡಿಸಬೇಕಾದ ದಾರಿ.

ಇನ್ನು ದೀರ್ಘಾವಧಿಯ ರೇಸೇ ಏಕೆ ಎಂಬುದು. ನಿಮ್ಮ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಇದೇ ಎಂದು ನನಗನ್ನಿಸುತ್ತದೆ. ಅರ್ಧ ಗಂಟೆಯ ರೇಸಿನಲ್ಲಿ ಒಬ್ಬ ಚಾಲಕನಿಗೆ ಮಾತ್ರ ಪಾತ್ರ. ಉಳಿದವರು ಕಾರನ್ನು ಸಜ್ಜುಗೊಳಿಸಿ ಕೈಕಟ್ಟಿ ನೋಡುತ್ತಾರೆ. 12 ಗಂಟೆಗಳ ರೇಸಿನಲ್ಲಿ ಒಂದು ಕಾರನ್ನು ಹಲವು ಚಾಲಕರು ಸರದಿಯ ಮೇಲೆ ಓಡಿಸುತ್ತಾರೆ. ಇಂಧನ ತುಂಬುವವರು, ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ಪಕ್ಕದಲ್ಲೇ ನಿಲ್ಲುವವರು, ಟೈರ್ ಬದಲಿಸುವವರು, ಸುತ್ತುಗಳ ಸಮಯ ಬರೆದಿಡುವವರು, ರೇಡಿಯೋದಲ್ಲಿ ಚಾಲಕನ ಜೊತೆ ಮಾತಾಡುವವರು, ಎಷ್ಟು ಲೀಟರ್ ಇಂಧನಕ್ಕೆ ಎಷ್ಟು ಸುತ್ತು ಎಂದು ಲೆಕ್ಕ ಹಾಕುವವರು, ಮಧ್ಯರಾತ್ರಿ ಗೇರ್‌ಬಾಕ್ಸ್ ಬಿಚ್ಚಬೇಕಾಗಿ ಬಂದರೆ ಕೆಳಗೆ ಮಲಗುವವರು, ಇವರಲ್ಲಿ ಯಾರೊಬ್ಬರು ಕೈಕೊಟ್ಟರೂ ಕಾರು ನಿಲ್ಲುತ್ತದೆ. ಸೇನೆಯ ಒಂದು ಸಣ್ಣ ತುಕಡಿಯೂ ನಡೆಯುವುದು ಹೀಗೆಯೇ. ಗಾಯಗೊಂಡ ಸೈನಿಕನು ಸೇನೆಯನ್ನು ಬಿಟ್ಟಾಗ ಕಳೆದುಕೊಳ್ಳುವುದು ಸಂಬಳ ಮತ್ತು ಸಮವಸ್ತ್ರವನ್ನಷ್ಟೇ ಎಂದುಕೊಳ್ಳಬಾರದು; ತನ್ನ ಕೆಲಸ ನಡೆಯದಿದ್ದರೆ ಪಕ್ಕದವನ ಕೆಲಸವೂ ನಡೆಯದು ಎಂಬ ಸ್ಥಿತಿಯನ್ನು ಆತ ಕಳೆದುಕೊಳ್ಳುತ್ತಾನೆ. ಆ ಸ್ಥಿತಿಯನ್ನು ಒಂದು ವಾರಾಂತ್ಯದ ಮಟ್ಟಿಗಾದರೂ ಮರಳಿ ಕೊಡಲು ದೀರ್ಘಾವಧಿಯ ರೇಸಿಗಿಂತ ಸೂಕ್ತವಾದ ಮೋಟಾರ್ ಕ್ರೀಡೆ ನನಗೆ ಕಾಣುವುದಿಲ್ಲ.

ಭಾಗವಹಿಸುವ ಕಾರುಗಳು ಬಹುಪಾಲು ಸಾಧಾರಣವಾದವು. ಮಜ್ದಾ ಎಂಎಕ್ಸ್-5ನಂಥ ಪುಟ್ಟ ಕಾರುಗಳು ಅಲ್ಲಿ ಸಾಮಾನ್ಯ. ಹವ್ಯಾಸಿ ತಂಡಗಳು, ಭೂಸೇನೆ, ನೌಕಾಪಡೆ ಮತ್ತು ವಾಯುಪಡೆಗಳಲ್ಲಿ ಈಗಲೂ ಸೇವೆಯಲ್ಲಿರುವವರ ತಂಡಗಳು, ಕಾರು ಕಂಪನಿಗಳ ಬೆಂಬಲವಿರುವ ತಂಡಗಳು, ಎಲ್ಲವೂ ಒಟ್ಟಿಗೆ ಓಡುತ್ತವೆ. ಉತ್ತರ ಅಮೆರಿಕದಲ್ಲಿ ಇದೇ ಬಗೆಯ ಕೆಲಸ ಮಾಡುವ ಆಪರೇಷನ್ ಮೋಟಾರ್‌ಸ್ಪೋರ್ಟ್ ಎಂಬ ಸಂಸ್ಥೆಯವರೂ ಸಾಗರ ದಾಟಿ ಬಂದು ಪಾಲ್ಗೊಂಡಿದ್ದಾರೆ.


ನಿಷ್ಠುರ:

ಹಳೇಗೇರು ಅವರ ವಿವರಣೆ ಚೆನ್ನಾಗಿದೆ. ಆದರೂ ದಾರಿಹೋಕರು ಸೌಜನ್ಯದಿಂದ ಕೇಳಿದ್ದನ್ನು ನಾನು ಕೊಂಚ ನೇರವಾಗಿ ಕೇಳುತ್ತೇನೆ. ಕಾರ್ ರೇಸ್ ದುಬಾರಿ ಹವ್ಯಾಸ. ಒಂದು ಕಾರನ್ನು 12 ಗಂಟೆ ಓಡಿಸಲು ಬೇಕಾದ ಟೈರು, ಇಂಧನ, ಬ್ರೇಕ್ ಪ್ಯಾಡ್, ವಿಮೆ, ಪ್ರಯಾಣ, ವಸತಿ ಇವೆಲ್ಲವುಗಳ ಖರ್ಚನ್ನು ನೇರವಾಗಿ ಗಾಯಾಳುಗಳ ಕೈಗೆ ಕೊಟ್ಟರೆ ಅವರಿಗೆ ಹೆಚ್ಚು ಅನುಕೂಲವಾಗುವುದಿಲ್ಲವೆ? ಹವ್ಯಾಸಕ್ಕೆ ಪುಣ್ಯದ ಬಣ್ಣ ಬಳಿಯುವ ಕೆಲಸ ಎಲ್ಲ ದೇಶಗಳಲ್ಲೂ ನಡೆಯುತ್ತದೆ.

ಇನ್ನೊಂದು ಆತಂಕವೂ ಇದೆ. ಸ್ಫೋಟದಲ್ಲಿ ಗಾಯಗೊಂಡು ಮಾನಸಿಕ ಆಘಾತಕ್ಕೆ ಒಳಗಾದವರನ್ನು ಎಂಜಿನ್‌ಗಳ ಅಬ್ಬರ, ಸೈಲೆನ್ಸರಿನ ಸಿಡಿತ, ಸುಟ್ಟ ರಬ್ಬರು ಮತ್ತು ಇಂಧನದ ವಾಸನೆಗಳ ನಡುವೆ ಕರೆದೊಯ್ದು ನಿಲ್ಲಿಸುವುದು ಚಿಕಿತ್ಸೆಯ ದೃಷ್ಟಿಯಿಂದ ವಿವೇಕವೆ? ಇದಕ್ಕೆ ರೇಸ್ ಅಭಿಮಾನಿಗಳು ಉತ್ತರ ಕೊಡುವುದಕ್ಕಿಂತ ವೈದ್ಯಕೀಯ ಕ್ಷೇತ್ರದವರು ಕೊಟ್ಟರೆ ನನಗೆ ಹೆಚ್ಚು ಸಮಾಧಾನ.


ಆರೈಕೆ:

ನಾನು ಪುನಶ್ಚೇತನ ಚಿಕಿತ್ಸೆಯ ಕ್ಷೇತ್ರದಲ್ಲಿ ಕೆಲಸ ಮಾಡುವವಳು. ಕಾರ್ ರೇಸಿನ ಅಭಿಮಾನಿಯಲ್ಲ. ಅಂಗವಿಕಲ ಚಾಲಕರಿಗೆ ಕಾರನ್ನು ಹೊಂದಿಸುವ ವಿಷಯದಲ್ಲಿ ವೃತ್ತಿಪರ ಆಸಕ್ತಿ ಇದೆ. ನಿಷ್ಠುರ ಅವರ ಎರಡನೆಯ ಆತಂಕದಿಂದ ಆರಂಭಿಸುತ್ತೇನೆ, ಏಕೆಂದರೆ ಅದು ನ್ಯಾಯವಾದದ್ದು.

ಆಘಾತದ ನೆನಪು ಮರುಕಳಿಸುವವರಲ್ಲಿ ಯಾವ ಶಬ್ದ, ಯಾವ ವಾಸನೆ ಅದನ್ನು ಕೆರಳಿಸುತ್ತದೆ ಎಂಬುದು ಒಬ್ಬೊಬ್ಬರಲ್ಲೂ ಬೇರೆ. ಕೆಲವರಿಗೆ ಹಠಾತ್ ಸಿಡಿತ ಸಹಿಸಲಾಗದು. ಅಂಥವರನ್ನು ಪಿಟ್ ಲೇನ್‌ಗೆ ತಳ್ಳುವುದು ಖಂಡಿತ ತಪ್ಪು. ಇನ್ನು ಕೆಲವರಿಗೆ ನಿಶ್ಶಬ್ದವಾದ ಮನೆಯೇ ಹೆಚ್ಚು ಕಷ್ಟದ ಜಾಗ. ಮಾಡಲು ಕೆಲಸವಿಲ್ಲದೆ, ಮಾತಿಗೆ ಜೊತೆಯಿಲ್ಲದೆ, ರಾತ್ರಿ ನಿದ್ದೆಯಿಲ್ಲದೆ ಕುಳಿತವರ ಮನಸ್ಸು ಹಳೆಯ ಘಟನೆಯ ಸುತ್ತಲೇ ತಿರುಗುತ್ತದೆ. ಗಮನವನ್ನು ಪೂರ್ತಿಯಾಗಿ ಬೇಡುವ, ಆರಂಭ ಮತ್ತು ಅಂತ್ಯ ಸ್ಪಷ್ಟವಾಗಿರುವ, ಫಲಿತಾಂಶ ಕಣ್ಣೆದುರಿಗೆ ಕಾಣುವ ಕೆಲಸವೊಂದು ಸಿಕ್ಕಿದಾಗ ಆ ಸುತ್ತಾಟ ಸ್ವಲ್ಪ ಹೊತ್ತು ನಿಲ್ಲುತ್ತದೆ. ಚಿಕಿತ್ಸೆಯ ಜಾಗವನ್ನು ಇದು ತುಂಬಲಾರದು. ಚಿಕಿತ್ಸೆಯಲ್ಲಿ ಕಲಿತದ್ದನ್ನು ಹೊರಗಿನ ಬದುಕಿಗೆ ತರಲು ಇಂಥ ಸಂದರ್ಭಗಳು ಬೇಕಾಗುತ್ತವೆ. ಬ್ರಿಟನ್ನಿನಲ್ಲಿ ಗಾಯಾಳು ಸೈನಿಕರ ವೈದ್ಯಕೀಯ ಪುನಶ್ಚೇತನ 2018ರವರೆಗೆ ಸರ್ರಿಯ ಹೆಡ್ಲಿ ಕೋರ್ಟ್‌ನಲ್ಲಿ ನಡೆಯುತ್ತಿತ್ತು, ಈಗ ಸ್ಟ್ಯಾನ್‌ಫರ್ಡ್ ಹಾಲ್‌ನಲ್ಲಿ ನಡೆಯುತ್ತಿದೆ. ರೇಸ್ ನಡೆಸುವ ಸಂಸ್ಥೆಯ ಕೆಲಸವನ್ನು ಆ ಮುಖ್ಯ ಚಿಕಿತ್ಸೆಯ ಮುಂದಿನ ಹಂತವೆಂದು ನೋಡಬೇಕು.

ಈಗ ದಾರಿಹೋಕರ ತಾಂತ್ರಿಕ ಪ್ರಶ್ನೆ. ಹೌದು, ಕಾಲಿಲ್ಲದವರು ರೇಸಿನಲ್ಲಿ ಕಾರು ಓಡಿಸುತ್ತಾರೆ, ಮತ್ತು ಅವರಿಗಾಗಿ ಲ್ಯಾಪ್ (ಟ್ರ್ಯಾಕಿನ ಒಂದು ಸುತ್ತಿನ) ಸಮಯದಲ್ಲಿ ಯಾವ ರಿಯಾಯಿತಿಯೂ ಇರುವುದಿಲ್ಲ. ಮೊಣಕಾಲಿನ ಕೆಳಗೆ ಮಾತ್ರ ಕಾಲು ಕಳೆದುಕೊಂಡವರು ಕೆಲವೊಮ್ಮೆ ಕೃತಕ ಕಾಲಿನಿಂದಲೇ ಪೆಡಲ್ ಒತ್ತುತ್ತಾರೆ. ಆದರೆ ಕೃತಕ ಪಾದಕ್ಕೆ ಸ್ಪರ್ಶಜ್ಞಾನವಿಲ್ಲ. ಬ್ರೇಕ್ ಎಷ್ಟು ಒತ್ತಿದೆ ಎಂಬುದನ್ನು ಚಾಲಕ ಮಂಡಿ ಮತ್ತು ತೊಡೆಯಿಂದ ಊಹಿಸಬೇಕು. ಚಕ್ರ ಲಾಕ್ ಆಗುವ ಅಂಚಿನಲ್ಲಿ ಬ್ರೇಕ್ ಹಿಡಿಯಬೇಕಾದ ಆಟದಲ್ಲಿ ಇದು ದೊಡ್ಡ ಕೊರತೆ. ಎರಡೂ ಕಾಲುಗಳಿಲ್ಲದವರು ಅಥವಾ ಸೊಂಟದ ಕೆಳಗೆ ಚಲನೆಯಿಲ್ಲದವರು ಕೈಯಿಂದಲೇ ಎಲ್ಲವನ್ನೂ ನಿಯಂತ್ರಿಸುತ್ತಾರೆ. ಸರಳ ವ್ಯವಸ್ಥೆಯಲ್ಲಿ ಒಂದು ಸನ್ನೆಕೋಲಿರುತ್ತದೆ. ಅದನ್ನು ಮುಂದಕ್ಕೆ ತಳ್ಳಿದರೆ ಬ್ರೇಕ್, ತನ್ನತ್ತ ಎಳೆದರೆ ಆಕ್ಸಿಲರೇಟರ್. ಆಗ ಸ್ಟೀರಿಂಗ್‌ಗೆ ಒಂದೇ ಕೈ ಉಳಿಯುತ್ತದೆ. ಅದಕ್ಕಿಂತ ಮುಂದುವರಿದ ವ್ಯವಸ್ಥೆಗಳಲ್ಲಿ ಆಕ್ಸಿಲರೇಟರ್, ಬ್ರೇಕ್, ಗೇರ್ ಎಲ್ಲವನ್ನೂ ಸ್ಟೀರಿಂಗ್ ಚಕ್ರದ ಹಿಂದಿನ ಪುಟ್ಟ ಹಿಡಿಕೆಗಳಿಗೆ ಜೋಡಿಸಿರುತ್ತಾರೆ. ಗಾಯಗೊಂಡ ಸೈನಿಕರಿಗಾಗಿ ಕಾರ್ಟಿಂಗ್ (ಪುಟ್ಟ ತೆರೆದ ಗಾಡಿಗಳ ರೇಸ್) ನಡೆಸುತ್ತಿದ್ದ ಪ್ರಯತ್ನದಿಂದ ಬೆಳೆದು ಬಂದ ಟೀಮ್ ಬ್ರಿಟ್ ಎಂಬ ಅಂಗವಿಕಲ ಚಾಲಕರ ತಂಡ ಬಳಸುವುದು ಇಂಥ ವ್ಯವಸ್ಥೆಯನ್ನು.

ದೀರ್ಘಾವಧಿಯ ರೇಸಿನಲ್ಲಿ ಇನ್ನೊಂದು ಸಮಸ್ಯೆ ಸೇರಿಕೊಳ್ಳುತ್ತದೆ. ಒಂದೇ ಕಾರನ್ನು ಕಾಲಿರುವವರೂ ಇಲ್ಲದವರೂ ಸರದಿಯ ಮೇಲೆ ಓಡಿಸಬೇಕು, ಬದಲಾವಣೆ ಪಿಟ್‌ನಲ್ಲಿ ಅವಸರದಲ್ಲಿ ಆಗಬೇಕು. ಪೆಡಲ್‌ಗಳು ಹಾಗೆಯೇ ಉಳಿದು, ಸ್ಟೀರಿಂಗ್ ಚಕ್ರವನ್ನು ಕಳಚಿ ಇನ್ನೊಂದನ್ನು ಸಿಕ್ಕಿಸುವುದು ಒಂದು ದಾರಿ. 2001ರ ಅಪಘಾತದಲ್ಲಿ ಎರಡೂ ಕಾಲುಗಳನ್ನು ಕಳೆದುಕೊಂಡ ಇಟಲಿಯ ಅಲೆಕ್ಸ್ ಜನಾರ್ಡಿ 2019ರಲ್ಲಿ ಡೇಟೋನಾದ 24 ಗಂಟೆಗಳ ರೇಸಿನಲ್ಲಿ ತಮ್ಮದೇ ಸ್ಟೀರಿಂಗ್ ಚಕ್ರದೊಂದಿಗೆ ಬಿಎಂಡಬ್ಲ್ಯು ಕಾರನ್ನು ಏರಿದ್ದರು. ಆ ಚಕ್ರದ ವಿದ್ಯುತ್ ಜೋಡಣೆಯೇ ತೊಂದರೆ ಕೊಟ್ಟು ತಂಡ ಪಿಟ್‌ನಲ್ಲಿ ಸಮಯ ಕಳೆದುಕೊಂಡಿತು. ದೊಡ್ಡ ಕಾರ್ಖಾನೆಯ ತಂಡಕ್ಕೇ ಹೀಗಾಗುವಾಗ ಹವ್ಯಾಸಿ ತಂಡಗಳು ಗ್ಯಾರೇಜಿನಲ್ಲಿ ತಾವೇ ಹೊಂದಿಸಿಕೊಳ್ಳುವುದರ ಕಷ್ಟ ಊಹಿಸಬಹುದು.

ಪ್ರೇಕ್ಷಕರಿಗೆ ಕಾಣದ ತೊಡಕುಗಳೂ ಇವೆ. ಕಾಲುಗಳನ್ನು ಕಳೆದುಕೊಂಡವರಲ್ಲಿ ಬೆವರಿ ತಂಪಾಗಬೇಕಾದ ಚರ್ಮದ ವಿಸ್ತಾರ ಕಡಿಮೆಯಾಗಿರುವುದರಿಂದ, ಬೆಂಕಿ ತಡೆಯುವ ದಪ್ಪ ಉಡುಪಿನೊಳಗೆ ದೇಹ ಬೇಗ ಕಾಯುತ್ತದೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಪೆಟ್ಟಿನ ಕೆಳಭಾಗ ಬೆವರುವುದೇ ಇಲ್ಲದಿರಬಹುದು. ಜೊತೆಗೆ ಅದುರುವ ಗಟ್ಟಿ ಸೀಟಿನಲ್ಲಿ ಬಹಳ ಹೊತ್ತು ಕುಳಿತರೆ ಅರಿವಿಗೇ ಬಾರದಂತೆ ಹುಣ್ಣಾಗುತ್ತದೆ. ಪಾದಗಳಿಲ್ಲದವರು ತಿರುವುಗಳಲ್ಲಿ ಕಾರಿನ ನೆಲಕ್ಕೆ ಪಾದವೊತ್ತಿ ಮೈಯನ್ನು ನಿಲ್ಲಿಸಿಕೊಳ್ಳಲಾರರು. ಅವರನ್ನು ಹಿಡಿದಿಡುವುದು ಸೀಟು ಮತ್ತು ಬೆಲ್ಟುಗಳು ಮಾತ್ರ. ಇವೆಲ್ಲಕ್ಕಿಂತ ಕಠಿಣವಾದದ್ದು ಹೊರಬರುವ ಪರೀಕ್ಷೆ. ಕಾರಿಗೆ ಬೆಂಕಿ ಬಿದ್ದರೆ ಚಾಲಕ ಯಾರ ನೆರವೂ ಇಲ್ಲದೆ ನಿಗದಿತ ಸಮಯದೊಳಗೆ ಹೊರಬರಬಲ್ಲ ಎಂದು ತೋರಿಸಿಕೊಡಬೇಕು. 2017ರಲ್ಲಿ ಡೊನಿಂಗ್ಟನ್ ಅಪಘಾತದಲ್ಲಿ ಎರಡೂ ಕಾಲುಗಳನ್ನು ಕಳೆದುಕೊಂಡು ಮರುವರ್ಷವೇ ರೇಸಿಗೆ ಮರಳಿದ ಬ್ರಿಟಿಷ್ ಚಾಲಕ ಬಿಲ್ಲಿ ಮಂಗರ್ ಕೂಡ ಇಂಥ ಪರೀಕ್ಷೆಯನ್ನು ದಾಟಿಯೇ ಬಂದವರು. ಕರುಣೆಯಿಂದ ಯಾರಿಗೂ ಲೈಸೆನ್ಸ್ ಸಿಗುವುದಿಲ್ಲ. ನನ್ನ ರೋಗಿಗಳಿಗೆ ಅತ್ಯಂತ ಅಪರೂಪವಾಗಿ ಸಿಗುವ ಮರ್ಯಾದೆಯೂ ಇದೇ: ಎಲ್ಲರಿಗೂ ಇರುವ ಅಳತೆಗೋಲಿನಿಂದ ಅಳೆಯಲ್ಪಡುವುದು.

ಹಣವನ್ನು ನೇರವಾಗಿ ಕೊಡಬಹುದಲ್ಲ ಎಂಬುದಕ್ಕೆ ಒಂದೇ ಮಾತು. ಪಿಂಚಣಿ ಮತ್ತು ಪರಿಹಾರ ಧನವನ್ನು ಕೊಡಬೇಕಾದದ್ದು ಸರ್ಕಾರ, ಅದನ್ನು ದತ್ತಿ ಸಂಸ್ಥೆಯ ಹೆಗಲಿಗೆ ಹಾಕಬಾರದು. ಈ ಸಂಸ್ಥೆ ರೇಸನ್ನು ಬಾಗಿಲಾಗಿ ಬಳಸಿ ಜನರನ್ನು ವಾಹನೋದ್ಯಮದ ಉದ್ಯೋಗಗಳತ್ತ ಒಯ್ಯುತ್ತದೆ. ಸಿಲ್ವರ್‌ಸ್ಟೋನ್ ಟ್ರ್ಯಾಕಿನಲ್ಲಿ ಸೇನೆ ಬಿಡುವವರನ್ನೂ ಉದ್ಯೋಗದಾತರನ್ನೂ ಒಂದೆಡೆ ಸೇರಿಸುವ ಸಮಾವೇಶವನ್ನೂ ನಡೆಸುತ್ತ ಬಂದಿದೆ. ಪಿಟ್‌ನಲ್ಲಿ ರಾತ್ರಿಯೆಲ್ಲ ಸ್ಪ್ಯಾನರ್ ಹಿಡಿದು ದುಡಿದವನನ್ನು ಉದ್ಯೋಗದಾತನು ಕಣ್ಣಾರೆ ನೋಡಿದ ಮೇಲೆ ಸಂದರ್ಶನದಲ್ಲಿ ಕೇಳಲು ಹೆಚ್ಚೇನೂ ಉಳಿಯುವುದಿಲ್ಲ.


ದಾರಿಹೋಕ:

ಹಳೇಗೇರು ಅವರಿಗೂ ಆರೈಕೆ ಅವರಿಗೂ ಕೃತಜ್ಞತೆಗಳು. ದೀರ್ಘಾವಧಿ ರೇಸಿನ ಆಯ್ಕೆಗೆ ಇಷ್ಟು ಖಚಿತವಾದ ತರ್ಕವಿದೆ ಎಂದು ನಾನು ಎಣಿಸಿರಲಿಲ್ಲ. ಒಂದು ವಿಷಯ ಮಾತ್ರ ಇನ್ನೂ ಸ್ಪಷ್ಟವಾಗಲಿಲ್ಲ. ರೇಸ್ ನಡುವೆ ನಿಲ್ಲುತ್ತದೆ ಎಂದಾದರೆ, ಆ ಕ್ಷಣದಲ್ಲಿ ಮುಂದಿದ್ದವರ ಅಂತರ ಏನಾಗುತ್ತದೆ? ಸ್ಪರ್ಧೆಯ ಬಿಸಿಯಲ್ಲಿರುವವರು ಒಮ್ಮೆಲೇ ಪ್ರಾರ್ಥನೆಗೆ ನಿಲ್ಲುವುದು, ಮತ್ತೆ ಅದೇ ಬಿಸಿಗೆ ಮರಳುವುದು ಮನುಷ್ಯರಿಂದ ಆಗುವ ಕೆಲಸವೆ?


ಹಳೇಗೇರು:

ಲೆಕ್ಕದ ಮಾತನ್ನು ಮೊದಲು ಮುಗಿಸುತ್ತೇನೆ. ದೀರ್ಘಾವಧಿಯ ರೇಸಿನಲ್ಲಿ ಗೆಲುವು ನಿರ್ಧಾರವಾಗುವುದು ನಿಗದಿತ ಹೊತ್ತಿನಲ್ಲಿ ಯಾರು ಹೆಚ್ಚು ಸುತ್ತು ಹಾಕಿದರು ಎಂಬುದರ ಮೇಲೆ. ಪ್ರತಿ ಕಾರಿನಲ್ಲೂ ಟ್ರಾನ್ಸ್‌ಪಾಂಡರ್ ಇರುತ್ತದೆ. ಅದು ಗೆರೆಯನ್ನು ದಾಟಿದಾಗಲೆಲ್ಲ ಸುತ್ತು ಮತ್ತು ಸಮಯ ದಾಖಲಾಗುತ್ತವೆ. ಆದ್ದರಿಂದ ನಡುವೆ ನಿಂತರೂ ಅಲ್ಲಿಯವರೆಗೆ ಗಳಿಸಿದ ಸುತ್ತುಗಳು ಅಳಿಸಿಹೋಗುವುದಿಲ್ಲ. ಈ ರೇಸು ಹೇಗೂ ಎರಡು ದಿನಗಳಿಗೆ ಹಂಚಿಹೋಗಿದೆ: ಶನಿವಾರ ಆರಂಭವಾಗಿ ಕತ್ತಲಾದ ಮೇಲೂ ನಡೆದು ರಾತ್ರಿಗೆ ನಿಲ್ಲುತ್ತದೆ, ಭಾನುವಾರ ಬೆಳಿಗ್ಗೆ ಮತ್ತೆ ಶುರುವಾಗುತ್ತದೆ, 11 ಗಂಟೆಯ ಮೌನಕ್ಕಾಗಿ ಇನ್ನೊಮ್ಮೆ ನಿಲ್ಲುತ್ತದೆ, ಆಮೇಲೆ ಕೊನೆಯ ಭಾಗ. ಅಪಘಾತದಿಂದ ಕೆಂಪು ಬಾವುಟ ಬೀಸಿ ರೇಸ್ ನಿಲ್ಲಿಸಿದಾಗ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ಇಲ್ಲಿ ಗಡಿಯಾರ ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಯಾವ ಚಾಲಕನನ್ನು ಯಾವಾಗ ಕೂರಿಸಬೇಕು, ಇಂಧನಕ್ಕೆ ಯಾವಾಗ ಬರಬೇಕು ಎಂಬುದನ್ನು ತಂಡಗಳು ಆ ನಿಲುಗಡೆಯ ಸುತ್ತಲೇ ಹೆಣೆಯುತ್ತವೆ.

ನಿಂತ ಮೇಲೆ ಮರಳಿ ಹೊರಡುವುದರಲ್ಲಿ ಯಾಂತ್ರಿಕ ಅಪಾಯವೂ ಇದೆ. ಕಡಲ ಗಾಳಿಗೆ ಟೈರು, ಬ್ರೇಕುಗಳು ಬೇಗ ತಣ್ಣಗಾಗುತ್ತವೆ. ತಣ್ಣನೆಯ ಟೈರಿಗೆ ಹಿಡಿತವಿಲ್ಲ. ನವೆಂಬರ್‌ನಲ್ಲಿ ನೆಲವೂ ಬಹುಮಟ್ಟಿಗೆ ತೇವ. ಮೌನದ ನಂತರದ ಮೊದಲ ಕೆಲವು ಸುತ್ತುಗಳಲ್ಲಿ ತಾಳ್ಮೆಯಿಲ್ಲದವರು ಹುಲ್ಲಿನ ಮೇಲೆ ಕಾಣಿಸಿಕೊಳ್ಳುತ್ತಾರೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಎಂಜಿನ್‌ಗಳು ನಿಂತ ಮೇಲೆ ಪಿಟ್ ಲೇನ್‌ನಲ್ಲಿ ಸೇನಾ ಪಾದ್ರಿ ಪ್ರಾರ್ಥನೆ ನಡೆಸುತ್ತಾರೆ, ಕಹಳೆಯ ಮೇಲೆ ಮಡಿದ ಸೈನಿಕರಿಗೆ ಗೌರವ ಸಲ್ಲಿಸುವ ‘ಲಾಸ್ಟ್ ಪೋಸ್ಟ್’ ರಾಗ ನುಡಿಸುತ್ತಾರೆ, ಎರಡು ನಿಮಿಷ ಯಾರೂ ಮಾತಾಡುವುದಿಲ್ಲ. ಸಾಲಿನಲ್ಲಿ ನಿಂತವರು ಕೊಳೆಯಾದ ಮೇಲುಡುಪಿನ ಮೆಕ್ಯಾನಿಕ್‌ಗಳು, ರೇಸಿಂಗ್ ಸೂಟಿನ ಚಾಲಕರು, ಟ್ರ್ಯಾಕಿನ ಬದಿಯಲ್ಲಿ ಬಾವುಟ ಬೀಸಿ ಸುರಕ್ಷತೆ ನೋಡಿಕೊಳ್ಳುವ, ಕಿತ್ತಳೆ ಬಣ್ಣದ ಅಂಗಿಯ ಮಾರ್ಷಲ್‌ಗಳು, ಗಾಲಿಕುರ್ಚಿಯಲ್ಲಿರುವವರು, ಮಡಿದವರ ಮನೆಯವರು. ಸ್ಮಾರಕದ ಮುಂದೆ ಸೇರುವ ಜನ ಅದಕ್ಕೆಂದೇ ಮೈತೊಳೆದು, ಕಪ್ಪು ಕೋಟು ತೊಟ್ಟು ಬಂದಿರುತ್ತಾರೆ. ಇಲ್ಲಿ ನಿಂತವರು ತಮಗೆ ಅತ್ಯಂತ ಮುಖ್ಯವೆನಿಸಿದ ಕೆಲಸವನ್ನು ಅರ್ಧಕ್ಕೆ ಕೆಳಗಿಟ್ಟು ಬಂದವರು, ಮುನ್ನಡೆಯಲ್ಲಿರುವವನಿಗೂ ವಿನಾಯಿತಿಯಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ, ಅಂದರೆ ಗದ್ದಲದ ರೇಸು ಸ್ಮರಣೆಗೆ ಹೇಗೆ ಹೊಂದುತ್ತದೆ ಎಂಬುದಕ್ಕೆ, ನನ್ನ ಉತ್ತರವೂ ಇದರಲ್ಲೇ ಇದೆ. 12 ಗಂಟೆಗಳ ಗದ್ದಲವಿರುವುದರಿಂದಲೇ ಆ ಎರಡು ನಿಮಿಷಕ್ಕೆ ಬೆಲೆ ಬಂದಿದೆ. ಮತ್ತೆ ಸ್ಪರ್ಧೆಗೆ ಮರಳುವುದು ಸೈನಿಕರಿಗೆ ವಿಚಿತ್ರವೆನಿಸುವುದಿಲ್ಲ. ಜೊತೆಗಾರನನ್ನು ಕಳೆದುಕೊಂಡ ಮರುದಿನವೂ ಗಸ್ತು ತಿರುಗಿದವರು ಅವರು.


ನಿಷ್ಠುರ:

ಆರೈಕೆ ಅವರ ಉತ್ತರದಿಂದ ನನ್ನ ಎರಡನೆಯ ಆತಂಕ ಬಹುಮಟ್ಟಿಗೆ ಕಡಿಮೆಯಾಯಿತು. ಮೊದಲನೆಯದು ಪೂರ್ತಿ ಹೋಗಿಲ್ಲ. ಉದ್ಯೋಗದ ಮಾತು ಒಪ್ಪತಕ್ಕದ್ದೇ. ಆದರೆ ಕಾರಿನ ಗೀಳಿಲ್ಲದ ಗಾಯಾಳು ಸೈನಿಕನಿಗೆ ಇದರಿಂದ ಏನು ಸಿಕ್ಕಿತು? ಟಿ.ವಿ. ಕ್ಯಾಮೆರಾಗಳು ಸಹಜವಾಗಿ ವೇಗದ ಹಿಂದೆ ಓಡುತ್ತವೆ. ಕೃತಕ ಕಾಲಿನಿಂದ ರೇಸ್ ಓಡಿಸುವ ಧೀರನ ಚಿತ್ರ ಎಲ್ಲೆಡೆ ಹರಡಿದಾಗ, ಮನೆಯಿಂದ ಹೊರಬರಲಾಗದೆ ಕುಳಿತವನು ತಾನು ಸೋತವನೆಂದು ತಿಳಿಯುವ ಅಪಾಯವಿದೆ. ಈ ಅಪಾಯದ ಬಗ್ಗೆ ರೇಸಿನ ಅಭಿಮಾನಿಗಳು ಹೆಚ್ಚು ಮಾತಾಡುವುದಿಲ್ಲ.


ಆರೈಕೆ:

ನಿಷ್ಠುರ ಅವರೇ, ಕೊನೆಯ ಮಾತನ್ನು ನಾನೂ ಒಪ್ಪುತ್ತೇನೆ. ಪುನಶ್ಚೇತನ ಕೇಂದ್ರಗಳಲ್ಲಿ ಧೀರರ ಭಿತ್ತಿಚಿತ್ರಗಳನ್ನು ತೂಗುಹಾಕುವುದರ ಬಗ್ಗೆ ನನಗೂ ಅಸಮಾಧಾನವಿದೆ. ಆದರೆ ಒಂದು ಸಂಸ್ಥೆ ಎಲ್ಲರಿಗೂ ಒದಗಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ಬ್ರಿಟನ್ನಿನಲ್ಲಿ ಮಾಜಿ ಸೈನಿಕರಿಗಾಗಿ 1921ರಿಂದ ರಾಯಲ್ ಬ್ರಿಟಿಷ್ ಲೀಜನ್ ಇದೆ, ಮಾನಸಿಕ ಆಘಾತಕ್ಕೆಂದೇ 1919ರಲ್ಲಿ ಹುಟ್ಟಿದ ಕಾಂಬ್ಯಾಟ್ ಸ್ಟ್ರೆಸ್ ಇದೆ, ಕೈಕಾಲು ಕಳೆದುಕೊಂಡವರಿಗಾಗಿ ಬ್ಲೆಸ್ಮಾ ಇದೆ, 2007ರಿಂದ ಹೆಲ್ಪ್ ಫಾರ್ ಹೀರೋಸ್ ಇದೆ. ಕಾರುಗಳ ಒಲವಿರುವವರಿಗೆ ಈ ರೇಸು ಒಂದು ದಾರಿ. ಒಲವಿಲ್ಲದವರಿಗೆ ಬೇರೆ ದಾರಿಗಳಿವೆ. ಇನ್ನೊಂದು ಮಾತು: ಈ ರೇಸಿಗೆ ಬರುವ ಗಾಯಾಳುಗಳಲ್ಲಿ ಎಲ್ಲರೂ ಸ್ಟೀರಿಂಗ್ ಹಿಂದೆ ಕೂರುವುದಿಲ್ಲ. ಅನೇಕರು ಪಿಟ್‌ನಲ್ಲಿ, ಸಮಯ ಬರೆಯುವ ಮೇಜಿನಲ್ಲಿ, ಗ್ಯಾರೇಜಿನಲ್ಲಿ ಇರುತ್ತಾರೆ. ಅವರ ಚಿತ್ರಗಳು ಹರಡುವುದಿಲ್ಲ ಎಂಬುದು ನಿಜ.

ಹಣದ ಬಗ್ಗೆ ಅನುಮಾನವಿದ್ದರೆ ಪರೀಕ್ಷಿಸಲು ದಾರಿಯಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ನೋಂದಾಯಿತ ದತ್ತಿ ಸಂಸ್ಥೆಗಳು ತಮ್ಮ ವಾರ್ಷಿಕ ಆದಾಯ ವೆಚ್ಚಗಳನ್ನು ದತ್ತಿ ಸಂಸ್ಥೆಗಳ ಮೇಲೆ ನಿಗಾ ಇಡುವ ಚಾರಿಟಿ ಕಮಿಷನ್‌ಗೆ ತಿಳಿಸಬೇಕು, ಮತ್ತು ಆ ದಾಖಲೆಯನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಯಾವುದೇ ಸಂಸ್ಥೆಗೆ ಹಣ ಕೊಡುವ ಮುನ್ನ ಅಲ್ಲಿ ಎರಡು ಅಂಕಿಗಳನ್ನು ಹೋಲಿಸಿ ನೋಡಿ: ನಿಧಿ ಸಂಗ್ರಹಕ್ಕೆ ಮಾಡಿದ ಖರ್ಚು, ಮತ್ತು ನೇರವಾಗಿ ಉದ್ದೇಶಕ್ಕಾಗಿ ಮಾಡಿದ ಖರ್ಚು.


ದಾರಿಹೋಕ:

ಹಾಗೆಯೇ ಮಾಡುತ್ತೇನೆ. ಕಾರು ಓಡಿಸದವರೂ ಕೈಜೋಡಿಸಲು ಸಾಧ್ಯವೆ ಎಂಬುದೊಂದು ಬಾಕಿ ಉಳಿಯಿತು.


ಹಳೇಗೇರು:

ಸಾಧ್ಯ. ಬ್ರಿಟನ್ನಿನ ಬಹುತೇಕ ರೇಸುಗಳಂತೆ ಇದೂ ಸಂಬಳವಿಲ್ಲದೆ ದುಡಿಯುವ ಮಾರ್ಷಲ್‌ಗಳ ಮೇಲೆಯೇ ನಿಂತಿದೆ. ಮೋಟಾರ್‌ಸ್ಪೋರ್ಟ್ ಯುಕೆ ಎಂಬ ಆಡಳಿತ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡು, ಆರಂಭಿಕ ತರಬೇತಿ ಪಡೆದವರು ಅನುಭವಿಗಳ ಜೊತೆಗೆ ನಿಂತು ಕಲಿಯಬಹುದು. ಆ ದೇಶದಲ್ಲಿ ಇರುವವರು ಯಾರಾದರೂ ಹೋಗುವುದಿದ್ದರೆ ಗಾಳಿ ತಡೆಯುವ ಮೇಲಂಗಿ, ನೀರು ಒಳಬರದ ಬೂಟು, ಎರಡು ಜೊತೆ ಕೈಗವಸು ಒಯ್ಯಲಿ. ಕೆಂಪು ಮತ್ತು ಹಳದಿ ಬಣ್ಣಗಳ ಉಡುಪು ಮಾತ್ರ ಬೇಡ. ಮಾರ್ಷಲ್ ಬೀಸುವ ಬಾವುಟವೆಂದು ಚಾಲಕರು ತಪ್ಪು ತಿಳಿಯುತ್ತಾರೆ.